ತರಗು ಬೆಂಕಿ

ತರಗು ಬೆಂಕಿ ಎಂಬುದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನ ನೆಲದ ಮೇಲೆ ಬಿದ್ದ ಒಣ ಎಲೆ ಮತ್ತು ಹುಲ್ಲಿಗೆ ಹಿಂದೆ ಹಚ್ಚುತ್ತಿದ್ದ ಸಣ್ಣ ಬೆಂಕಿ. ತರಗು ಎಂದರೆ ಉದುರಿ ಒಣಗಿದ ಎಲೆ. ಬೇಸಿಗೆ ಬಲಿಯುವ ಮೊದಲೇ ಹಚ್ಚುತ್ತಿದ್ದುದರಿಂದ ಈ ಬೆಂಕಿ ನೆಲಕ್ಕೆ ಅಂಟಿಕೊಂಡು ಹರಿದು, ದೊಡ್ಡ ಮರಗಳನ್ನು ಸುಡದೆ ಆರುತ್ತಿತ್ತು. ಇದನ್ನು ಕಾಳ್ಗಿಚ್ಚಿನೊಡನೆ ಒಂದಾಗಿ ಭಾವಿಸುವುದು ಸರಿಯಲ್ಲ.

ಹಿನ್ನೆಲೆ

ಪಶ್ಚಿಮ ಮತ್ತು ಪೂರ್ವ ಘಟ್ಟಗಳನ್ನು ಬೆಸೆಯುವ ಈ ಬೆಟ್ಟಸಾಲಿನಲ್ಲಿ ಕುರುಚಲು ಕಾಡು, ಎಲೆ ಉದುರುವ ಕಾಡು, ನಿತ್ಯಹರಿದ್ವರ್ಣ ಕಾಡು, ಶೋಲಾ ಮತ್ತು ಹುಲ್ಲುಗಾವಲುಗಳಿವೆ. ತರಗು ಬೆಂಕಿಯ ಬಳಕೆ ಮುಖ್ಯವಾಗಿ ಎಲೆ ಉದುರುವ ಕಾಡಿಗೆ ಸಂಬಂಧಿಸಿದುದು. ಬೆಂಕಿ ಹರಿದ ಕಡೆ ಮಳೆ ಬಿದ್ದೊಡನೆ ಎಳೆಹುಲ್ಲು ಚಿಗುರಿ ಜಿಂಕೆ, ಕಡವೆ, ಕಾಟಿಗಳಿಗೆ ಮೇವಾಗುತ್ತಿತ್ತು. ಕಾಲುದಾರಿಗಳು ತೆರವಾಗಿ ಆನೆ, ಕರಡಿಗಳು ದೂರದಿಂದಲೇ ಕಾಣುತ್ತಿದ್ದವು. ನೆಲ್ಲಿಮರಗಳ ಮೇಲೆ ಬೆಳೆದು ಅವನ್ನು ಸೊರಗಿಸುವ ಉಪ್ಪಿಲು ಎಂಬ ಪರಾವಲಂಬಿ ಗಿಡವನ್ನೂ ಈ ಬೆಂಕಿ ಹತೋಟಿಯಲ್ಲಿಡುತ್ತಿತ್ತು ಎಂಬುದು ಸೋಲಿಗರ ಅಭಿಪ್ರಾಯ.

1974ರಲ್ಲಿ ಈ ಪ್ರದೇಶವನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಬೇಟೆ ಮತ್ತು ಕುಮರಿ ಬೇಸಾಯದೊಂದಿಗೆ ತರಗು ಬೆಂಕಿಯೂ ನಿಂತಿತು. ಕಾಡಿನೊಳಗೆ ಚದುರಿದ್ದ ಪೋಡುಗಳನ್ನು ಒಂದೆಡೆ ನೆಲೆಗೊಳಿಸಲಾಯಿತು. ಕಾಡನ್ನು ಉಳಿಸಬೇಕಾದರೆ ಬೆಂಕಿಯನ್ನು ಸಂಪೂರ್ಣವಾಗಿ ತಡೆಯಬೇಕೆಂಬುದು ಬ್ರಿಟಿಷರ ಕಾಲದಿಂದ ಬಂದ ಅರಣ್ಯಶಾಸ್ತ್ರದ ನಂಬಿಕೆಯಾಗಿತ್ತು.

ಲಂಟಾನದ ಹರಡುವಿಕೆ

ಲಂಟಾನ ಉಷ್ಣವಲಯದ ಅಮೆರಿಕದ ಗಿಡ. ಹೂವಿನ ಅಂದಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ತರಲ್ಪಟ್ಟು, ಹಕ್ಕಿಗಳು ತಿಂದುದುರಿಸಿದ ಬೀಜಗಳಿಂದ ಕಾಡು ಸೇರಿತು. 1997 ಮತ್ತು 2008ರ ಸಮೀಕ್ಷೆಗಳನ್ನು ಹೋಲಿಸಿದಾಗ ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನವಿದ್ದ ತಾಣಗಳು ಸುಮಾರು ಇಮ್ಮಡಿಯಾಗಿದ್ದವು. ಅದರ ಪೊದೆಗಳಡಿ ಹುಲ್ಲು ಬೆಳೆಯುವುದಿಲ್ಲ. ಸ್ಥಳೀಯ ಮರಗಳ ಸಸಿಗಳು ಮೇಲೇಳುವುದೂ ಕಷ್ಟ. ದೊಡ್ಡ ಮರಗಳು ನಿಂತಿರುವವರೆಗೆ ಕಾಡು ಹಸುರಾಗಿಯೇ ಕಾಣುತ್ತದೆ, ಆದರೆ ಅವುಗಳ ಜಾಗಕ್ಕೆ ಬರಬೇಕಾದ ಮುಂದಿನ ಪೀಳಿಗೆ ನೆಲದಲ್ಲಿಲ್ಲ.

ತರಗು ಬೆಂಕಿ ಲಂಟಾನದ ಎಳೆಸಸಿಗಳನ್ನು ಸುಡುತ್ತಿತ್ತು, ಅದು ನಿಂತದ್ದೇ ಗಿಡ ಹಬ್ಬಲು ಕಾರಣ ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ವಿಜ್ಞಾನಿಗಳಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಬೇರೂರಿದ ಲಂಟಾನ ಸುಟ್ಟರೂ ಬುಡದಿಂದ ಚಿಗುರುತ್ತದೆ. ಬೇಸಿಗೆಯಲ್ಲಿ ಒಣಗಿದ ಪೊದೆಗಳು ಬೆಂಕಿಯನ್ನು ಮರದ ಕೊಂಬೆಗಳವರೆಗೆ ಏರಿಸುತ್ತವೆ. ಹೀಗೆ ಲಂಟಾನದಿಂದ ಉಗ್ರವಾದ ಬೆಂಕಿ, ಬೆಂಕಿಯಿಂದ ಬಯಲಾದ ಜಾಗದಲ್ಲಿ ಮತ್ತೆ ಲಂಟಾನ ಎಂಬ ಚಕ್ರವನ್ನು ಕೆಲವು ಸಂಶೋಧಕರು ಪ್ರತಿಪಾದಿಸಿದ್ದಾರೆ. ಆದ್ದರಿಂದ ನಿಂತುಹೋದ ಪದ್ಧತಿಯನ್ನು ಇದ್ದಂತೆಯೇ ಮರಳಿ ತಂದರೆ ಹಿಂದಿನ ಕಾಡು ಮರಳುತ್ತದೆಂದು ಹೇಳಲಾಗದು. ಮಳೆ ಏರುಪೇರಾಗಿ ಬೇಸಿಗೆ ಕಠಿಣವಾದ ವರ್ಷಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಇಂದಿನ ನಿರ್ವಹಣೆ

2011ರಲ್ಲಿ ಈ ಧಾಮ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಹಲವು ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಬೆಂಕಿ ಹಚ್ಚುವುದು ಮಾತ್ರ ಇಂದಿಗೂ ಅಪರಾಧವೇ. ಅರಣ್ಯ ಇಲಾಖೆ ಬೇಸಿಗೆಗೆ ಮುನ್ನ ಬೆಂಕಿರೇಖೆಗಳನ್ನು ತೆರವುಗೊಳಿಸುತ್ತದೆ. ಈ ಕೆಲಸದಲ್ಲಿ ಸೋಲಿಗರೂ ಇರುತ್ತಾರೆ.

ಲಂಟಾನವನ್ನು ಮೇಲೆ ಮೇಲೆ ಸವರಿದರೆ ಪ್ರಯೋಜನವಿಲ್ಲ. ಚಿಗುರುವ ಭಾಗದ ಕೆಳಗೆ, ಮಣ್ಣಿನೊಳಗೆ ಬೇರನ್ನು ಕಡಿದು, ಗಿಡವನ್ನು ತಲೆಕೆಳಗಾಗಿಸಿ ಒಣಗಲು ಬಿಡುವ ವಿಧಾನ ಭಾರತದ ಹಲವು ಕಾಡುಗಳಲ್ಲಿ ಬಳಕೆಯಲ್ಲಿದೆ. ಬಳಿಕ ಸ್ಥಳೀಯ ಹುಲ್ಲನ್ನು ಬೆಳೆಸಿ, ಮಣ್ಣಿನಲ್ಲುಳಿದ ಬೀಜಗಳಿಂದ ಹುಟ್ಟುವ ಸಸಿಗಳನ್ನು ಹಲವು ವರ್ಷ ಕೀಳುತ್ತಿರಬೇಕು. ಕಿತ್ತ ಲಂಟಾನದ ಕಡ್ಡಿಗಳಿಂದ ನೆರೆಯ ಮಲೆ ಮಹದೇಶ್ವರ ಬೆಟ್ಟದ ಕುಶಲಕರ್ಮಿಗಳು ಕುರ್ಚಿ, ಬುಟ್ಟಿಗಳನ್ನು ತಯಾರಿಸುತ್ತಾರೆ.