ನಂದಿಬೆಟ್ಟದ ಮೇಲೆ ನಿಂತು ಹೊಳೆ ಹುಡುಕಿದ್ದು

ಯುಗಾದಿ ಕಳೆದ ಮೇಲಿನ ಭಾನುವಾರ ನಂದಿಬೆಟ್ಟ ಹತ್ತಿದೆ. ಹತ್ತಿದೆ ಅಂದ್ರೆ ನಿಜವಾಗ್ಲೂ ಹತ್ತಿದೆ, ಕಾರಲ್ಲಲ್ಲ! ಸುಲ್ತಾನಪೇಟೆ ಕಡೆಯಿಂದ ಹಳೇ ಮೆಟ್ಟಿಲ ದಾರಿಯಿದೆ. 1,175 ಮೆಟ್ಟಿಲು ಅಂತಾರೆ. ನಾನು ಇನ್ನೂರರ ಹತ್ತಿರ ಲೆಕ್ಕ ತಪ್ಪಿದೆ, ಮುನ್ನೂರರ ಹತ್ತಿರ ಏದುಸಿರು ಶುರು. ಕೆಳಗೆ ಹೊಂಗೆ ಮರಗಳು ಹೊಸ ಎಲೆ ಬಿಟ್ಟು ಮಿರಮಿರ ಮಿಂಚುತ್ತಿದ್ದವು.

ಈ ದಾರಿಯಲ್ಲಿ ಬಂದರೇನೇ ಕೋಟೆ ಅರ್ಥವಾಗೋದು. ಪಾಳೇಗಾರರ ಕಾಲದ ಕೋಟೆಯನ್ನು ಹೈದರ್, ಟಿಪ್ಪು ಬಲಪಡಿಸಿದರು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಈ ಕಡಿದಾದ ಇಳಿಜಾರಿನಲ್ಲಿ ಫಿರಂಗಿ ಎಳೆದು ತಂದು, ಮೂರು ವಾರ ಒದ್ದಾಡಿ ಅಕ್ಟೋಬರಿನಲ್ಲಿ ಗೆದ್ದಿತು. ಆಮೇಲೆ ಕಬ್ಬನ್ ಸಾಹೇಬರು ತಂಪಿಗೆ ಬಂದರು, 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದರು. ಇದೆಲ್ಲ ನಿಮಗೂ ಗೊತ್ತು.

ನಾನು ಹೋಗಿದ್ದು ಹೊಳೆಗಾಗಿ. ನಮ್ಮಜ್ಜಿ ಊರು ದೊಡ್ಡಬಳ್ಳಾಪುರದ ಹತ್ತಿರ. 'ಹೊಳೆಗೆ ಹೋಗ್ಬರ್ತೀನಿ' ಅಂತ ಅಜ್ಜಿ ಅನ್ನುತ್ತಿದ್ದದ್ದು ಅರ್ಕಾವತಿಗೆ. ನನಗೆ ಬುದ್ಧಿ ಬಂದ ಮೇಲೆ ಅಲ್ಲಿ ಕಂಡಿದ್ದು ಮರಳು ಮಾತ್ರ. ಆಮೇಲೆ ಆ ಮರಳೂ ಲಾರಿ ಹತ್ತಿ ಹೋಯಿತು.

1,478 ಮೀಟರ್ ಎತ್ತರದಲ್ಲಿ ನಿಂತರೆ ಒಂದು ವಿಷಯ ಕಣ್ಣಿಗೇ ಗೊತ್ತಾಗುತ್ತೆ. ಈ ಬೆಟ್ಟಸಾಲಿನ ಮಳೆ ಒಂದೇ ಕಡೆ ಹರಿಯಲ್ಲ. ಉತ್ತರ ಪಿನಾಕಿನಿ ಆಂಧ್ರಕ್ಕೆ, ಪಾಲಾರ್ ಮತ್ತು ದಕ್ಷಿಣ ಪಿನಾಕಿನಿ ಕೊನೆಗೆ ತಮಿಳುನಾಡಿಗೆ, ಅರ್ಕಾವತಿ ಕನಕಪುರದಾಚೆ ಕಾವೇರಿಗೆ. 1892ರ ಮೈಸೂರು-ಮದರಾಸು ಒಪ್ಪಂದದ 15 ಮುಖ್ಯ ನದಿಗಳ ಪಟ್ಟಿಯಲ್ಲಿ ಎರಡೂ ಪಿನಾಕಿನಿ, ಪಾಲಾರ್ ಇವೆ. ಮದರಾಸಿನ ಒಪ್ಪಿಗೆಯಿಲ್ಲದೆ ಅವಕ್ಕೆ ಮೈಸೂರು ಹೊಸ ಜಲಾಶಯ ಕಟ್ಟುವ ಹಾಗಿರಲಿಲ್ಲ.

ಅರ್ಕಾವತಿಯ ಮೇಲೆ ಕಣ್ಣು ಬಿದ್ದದ್ದು ಮಾತ್ರ ಬೆಂಗಳೂರಿನದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ ಹೆಸರಘಟ್ಟ ಯೋಜನೆ ಬಂತು. ಊರಿಗೆ ಮೊದಲ ಕೊಳಾಯಿ ನೀರು ಅದೇ. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ. ಅಣೆಕಟ್ಟುಗಳನ್ನಷ್ಟೇ ಬೈಯೋದು ನ್ಯಾಯವಲ್ಲ ಬಿಡಿ. ಹೆಸರಘಟ್ಟಕ್ಕಿಂತ ಮೇಲಿರುವ ಅಜ್ಜಿಯ ಹೊಳೆ ಒಣಗಿದ್ದಕ್ಕೆ ನೀಲಗಿರಿ ತೋಪು, ಬೋರ್‌ವೆಲ್ಲು, ಒತ್ತುವರಿಯಾದ ಕಾಲುವೆಗಳೇ ಕಾರಣ. ಅದರಲ್ಲಿ ನಮ್ಮವರ ತೋಪೂ ಒಂದಿತ್ತು. 1974ರಲ್ಲಿ ಬೆಂಗಳೂರಿಗೆ ಕಾವೇರಿ ಬಂದ ಮೇಲೆ ಅರ್ಕಾವತಿಯನ್ನು ಕೇಳುವವರೂ ಕಮ್ಮಿಯಾದರು.

ಮೇಲೆ ಸೌತೆಕಾಯಿ ಮಾರುವ ಅಮ್ಮನ ಹತ್ತಿರ ಕೂತಿದ್ದಾಗ ಚಿಕ್ಕಬಳ್ಳಾಪುರದ ಕಡೆ ಮಂಜಿನ ನಡುವೆ ಒಂದು ಕೆರೆ ಥಳಥಳ ಅಂತಿತ್ತು. ಏಪ್ರಿಲ್‌ನಲ್ಲಿ ತುಂಬಿದ ಕೆರೆ!

"ಮಳೆ ಚೆನ್ನಾಗಿತ್ತಾ ಅಮ್ಮ ಈ ಕಡೆ?"

"ಎಲ್ಲಿ ಮಳೆ? ಅದು ನಿಮ್ ಬೆಂಗ್ಳೂರ್ ನೀರು ಕಣಪ್ಪ," ಅಂದು ಉಪ್ಪುಕಾರ ಸವರಿ ಕೊಟ್ಟರು.

ಹೌದು. ಹೆಬ್ಬಾಳ-ನಾಗವಾರ ಯೋಜನೆಯಲ್ಲಿ ಬೆಂಗಳೂರಿನ ಒಳಚರಂಡಿ ನೀರನ್ನು ಶುದ್ಧ ಮಾಡಿ ಈ ಕಡೆಯ ಕೆರೆಗಳಿಗೆ ಪಂಪ್ ಮಾಡುತ್ತಾರೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತಿ ತಂದ ಕಾವೇರಿ, ನಮ್ಮ ಬಚ್ಚಲು ದಾಟಿ, ಅರ್ಕಾವತಿ ಹುಟ್ಟುವ ಬೆಟ್ಟದ ಬುಡಕ್ಕೆ ಬಂದು ನಿಂತಿದೆ. ಇಲ್ಲಿಂದ ಕಾವೇರಿಗೆ ಹೋಗಬೇಕಿದ್ದ ಹೊಳೆ ಮಾತ್ರ ಇಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಅಷ್ಟು ದೂರ ಹೋಗಿದ್ಯಲ್ಲ, ನೀರಿತ್ತಾ?" ಅಂದಳು.

"ಅಮೃತ ಸರೋವರದಲ್ಲಿ ಇತ್ತು," ಅಂದೆ.

"ಹೊಳೇಲಿ ಕೇಳಿದ್ದು," ಅಂದಳು.