ಹಸಿದವನ ಮುಂದೆ ಸುವಾರ್ತೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ ಒಂದು ಕಾಲದಲ್ಲಿ ಕೋಡಿಯ ಮಠವೆಂಬ ಕಾಳಾಮುಖ ಶೈವರ ದೊಡ್ಡ ಮಠವಿತ್ತು. ಕಳಚೂರಿ ಬಿಜ್ಜಳನ ಕಾಲದ, ಕ್ರಿ.ಶ. 1162ರ ಶಾಸನವೊಂದು ಅಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು ಉದ್ದಕ್ಕೆ ಪಟ್ಟಿ ಮಾಡುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ಅಲ್ಲಿತ್ತು. ಅದರ ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ಪಂಥದ ಭಿಕ್ಷುಕರು ಎಲ್ಲರಿಗೂ ಅನ್ನವಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಔಷಧವಿತ್ತು. ಅದೇ ಶತಮಾನದ ಅಲ್ಲಮಪ್ರಭು ಈ ಬಳ್ಳಿಗಾವಿಯವನು. ಮನೆ ತೊರೆದು ಬೀದಿಗಿಳಿದ ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ.

ಊರೂ ಸೂರೂ ಇಲ್ಲದವರಿಗೆ ದೇವರ ಹೆಸರಿನಲ್ಲಿ ಕೈನೀಡುವ ಪದ್ಧತಿ ಈ ಸೀಮೆಗೆ ಪಾದ್ರಿಗಳೊಂದಿಗೆ ಬಂದದ್ದಲ್ಲ ಎಂಬುದು ಇದರಿಂದ ಸ್ಪಷ್ಟ. ಪಾದ್ರಿಗಳು ತಂದದ್ದು ಬೇರೆಯೇ. ಮಠದಲ್ಲಿ ಉಂಡ ಕುರುಡ ಎದ್ದು ಹೋಗುವಾಗಲೂ ತನ್ನ ಜಾತಿಯವನೇ, ತನ್ನ ಊರಿನವನೇ. ಮಿಶನ್ನಿನ ಆಶ್ರಯಕ್ಕೆ ಬಂದವನು ದೀಕ್ಷಾಸ್ನಾನ ಪಡೆದ ಮೇಲೆ ಅವನ ಬಳಗ ಬೇರೆ, ಅನೇಕ ವೇಳೆ ಹೆಸರು ಬೇರೆ, ಊರೂ ಬೇರೆ. ಕನ್ನಡ ನಾಡಿನಲ್ಲಿ ನಿರ್ಗತಿಕರ ನಡುವೆ ನಡೆದ ಕ್ರೈಸ್ತ ಮತಬೋಧನೆಯ ಸಾಧನೆ, ಅದರ ಮೇಲಿನ ಅನುಮಾನ ಎರಡೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಶಿಕಾರಿಪುರ, ಸೊರಬಗಳು ಮೈಸೂರು ಸಂಸ್ಥಾನದ ಅಂಚಿನ ತಾಲ್ಲೂಕುಗಳು. ಸಂಸ್ಥಾನದೊಳಗೆ ಇಂಗ್ಲೆಂಡಿನ ವೆಸ್ಲಿಯನ್ ಮಿಶನ್ ಹಾಗೂ ಪ್ಯಾರಿಸ್ಸಿನ ಕ್ಯಾಥೊಲಿಕ್ ಪಾದ್ರಿಗಳು ಕೆಲಸ ಮಾಡುತ್ತಿದ್ದರು. ಶಿವಮೊಗ್ಗದಲ್ಲಿ ವೆಸ್ಲಿಯನ್ನರ ನೆಲೆಯಿತ್ತು. ಸೊರಬದ ಗಡಿ ದಾಟಿದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ಘಟ್ಟ ಇಳಿದರೆ ಕನ್ನಡ ಜಿಲ್ಲೆ. ಆ ಎರಡೂ ಕಡೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಕೈಗೊಂಡ ಬೈಬಲ್ ಅನುವಾದ 1831ರ ಹೊತ್ತಿಗೆ ಪೂರ್ತಿಯಾಗಿದ್ದರಿಂದ ಎಲ್ಲರ ಕೈಯಲ್ಲೂ ಕನ್ನಡ ಬೈಬಲ್ ಇತ್ತು. ಕೇಳುವವರು ಮಾತ್ರ ಕಡಿಮೆ. ಸಂತೆ, ಜಾತ್ರೆಗಳಲ್ಲಿ ಗಂಟೆಗಟ್ಟಲೆ ಉಪದೇಶ ಮಾಡಿದರೂ ಮತ ಬದಲಿಸಿದವರು ಬೆರಳೆಣಿಕೆಯಷ್ಟು.

ಈ ಸ್ಥಿತಿಯನ್ನು ಬದಲಿಸಿದ್ದು ಉಪದೇಶವಲ್ಲ, ಬರಗಾಲ. ಹಳಬರು ಧಾತು ಈಶ್ವರ ಸಂವತ್ಸರದ ಬರವೆಂದು ಕರೆಯುತ್ತಿದ್ದ 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಅನುಭವಿಸಿದ್ದನ್ನು ಜನಗಣತಿಯ ಎರಡು ಅಂಕಿಗಳೇ ಹೇಳುತ್ತವೆ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. ಹತ್ತು ವರ್ಷಗಳ ನಂತರ 1881ರಲ್ಲಿ 41 ಲಕ್ಷ 86 ಸಾವಿರ. ಕೆರೆ, ಗದ್ದೆ, ಕಾಡುಗಳಿದ್ದ ಮಲೆನಾಡಿನ ಕಡೆ ಹೊಡೆತ ಅಷ್ಟಿರಲಿಲ್ಲ. ಬಯಲುಸೀಮೆಯ ಹಳ್ಳಿಗಳು ಬರಿದಾದವು. ಗಂಜಿ ಕೇಂದ್ರ, ಪರಿಹಾರ ಕಾಮಗಾರಿಗಳತ್ತ ಹೊರಟ ಸಂಸಾರಗಳು ದಾರಿಯಲ್ಲೇ ಚದುರಿದವು. ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸ ನಡೆದದ್ದು ಇದೇ ಬರ ಪರಿಹಾರದ ಲೆಕ್ಕದಲ್ಲಿ. ತಂದೆತಾಯಿ ಸತ್ತು ದಾರಿಯಲ್ಲಿ ಉಳಿದ ಮಕ್ಕಳನ್ನು ಎತ್ತಿಕೊಳ್ಳುವವರು ಯಾರೆಂಬ ಪ್ರಶ್ನೆ ಸರಕಾರಕ್ಕೂ ಇತ್ತು, ಸಮಾಜಕ್ಕೂ ಇತ್ತು. ಜಾತಿ ತಿಳಿಯದ ಮಗುವನ್ನು ಒಳಗೆ ಕರೆದುಕೊಳ್ಳುವ ಮನೆ ಅಂದು ಅಪರೂಪ.

ಮಿಶನ್ನುಗಳು ಕರೆದುಕೊಂಡವು. ವೆಸ್ಲಿಯನ್ನರು ಗಂಡುಮಕ್ಕಳನ್ನು ತುಮಕೂರಿನಲ್ಲೂ ಹೆಣ್ಣುಮಕ್ಕಳನ್ನು ಹಾಸನದಲ್ಲೂ ಇರಿಸಿಕೊಂಡು ಅನಾಥಾಲಯ ನಡೆಸಿದರು. ಅಕ್ಷರದೊಂದಿಗೆ ಕಸುಬನ್ನೂ ಕಲಿಸಿದರು. ಕ್ಯಾಥೊಲಿಕ್ ಪಾದ್ರಿಗಳು ಒಂದು ಹೆಜ್ಜೆ ಮುಂದೆ ಹೋಗಿ ಅನಾಥರಿಗಾಗಿ ಬೇಸಾಯದ ಹಳ್ಳಿಗಳನ್ನೇ ಕಟ್ಟಿದರು. ನೆಲಮಂಗಲದ ಕಡೆಯ ಸಿಲುವೆಪುರ, ಕನಕಪುರದ ಕಡೆಯ ಮರಿಯಾಪುರಗಳ ಹುಟ್ಟು ಹೀಗೆ. ಸಿಲುವೆ ಎಂದರೆ ಶಿಲುಬೆ, ಮರಿಯಾ ಯೇಸುವಿನ ತಾಯಿ. ಬೆಳೆದ ಹುಡುಗನಿಗೆ ಅಲ್ಲಿ ನೆಲ, ನೇಗಿಲು, ಮದುವೆ ಎಲ್ಲವೂ ದೊರೆತು ಸಂಸಾರ ನಿಂತಿತು. ಬರ ಮುಗಿದೊಡನೆ ಗಂಜಿ ಕೇಂದ್ರಗಳು ಮುಚ್ಚಿದವು; ಈ ಊರುಗಳು ಉಳಿದವು. ಕ್ಷಾಮದ ಪರಿಹಾರವೆಂದರೆ ಒಂದು ಹೊತ್ತಿನ ಗಂಜಿಯಲ್ಲ, ಕಾಲೂರಲು ಜಾಗ ಎಂಬುದನ್ನು ಸರಕಾರಕ್ಕಿಂತ ಮೊದಲು ಇವರು ಕಂಡುಕೊಂಡಿದ್ದರೆಂದೇ ಹೇಳಬೇಕು.

ಹಾಗೆಂದು ಪ್ರಶ್ನೆ ಮುಗಿಯುವುದಿಲ್ಲ. ನಾಲ್ಕು ವರ್ಷದ ಮಗು ತನ್ನ ಮತವನ್ನು ತಾನೇ ಆರಿಸಿಕೊಂಡಿತೆಂದು ಯಾರೂ ಹೇಳಲಾರರು. ಸಾಯುವ ಮಗುವನ್ನು ಉಳಿಸಿದವರಿಗೆ ಅದನ್ನು ತಮ್ಮ ನಂಬಿಕೆಯಲ್ಲಿ ಬೆಳೆಸುವ ಹಕ್ಕಿದೆಯೆಂದು ಪಾದ್ರಿಗಳು ತಿಳಿದಿದ್ದರು. ಹಸಿವು ಮತಾಂತರದ ದಲ್ಲಾಳಿಯಾಯಿತೆಂಬುದು ಎದುರಾಳಿಗಳ ದೂರು. ಹೊಟ್ಟೆಪಾಡಿಗೆ ಜಾತಿ ಕೆಟ್ಟವರೆಂಬ ಮೂದಲಿಕೆಯನ್ನು ಈ ಕ್ರೈಸ್ತರು ಕೇಳಬೇಕಾಯಿತು.

ವಿಶೇಷವೆಂದರೆ ಈ ಅನುಮಾನವನ್ನು ಮೊದಲೇ ಅಚ್ಚಿಗೆ ಹಾಕಿದವನು ಒಬ್ಬ ಪಾದ್ರಿಯೇ. ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯ ಚದುರಿಹೋದ ಕ್ಯಾಥೊಲಿಕರನ್ನು ಒಗ್ಗೂಡಿಸಿದ, ಅವರಿಗಾಗಿ ಬೇಸಾಯದ ನೆಲೆಗಳನ್ನು ಮಾಡಿದ, ಸಿಡುಬಿನ ವಿರುದ್ಧ ಚುಚ್ಚುಮದ್ದು ಹರಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಜನರ ಬಾಯಲ್ಲಿ ‘ದೊಡ್ಡಸ್ವಾಮಿ’ಯಾಗಿದ್ದವನು. ಮೂವತ್ತೊಂದು ವರ್ಷ ಇಲ್ಲಿ ದುಡಿದು 1823ರಲ್ಲಿ ಊರಿಗೆ ಮರಳಿದ ಆತ, ಅದೇ ವರ್ಷ ಪ್ರಕಟವಾದ ತನ್ನ ಪತ್ರಗಳಲ್ಲಿ ಹಿಂದೂಗಳನ್ನು ಕ್ರೈಸ್ತರಾಗಿಸುವುದು ಆಗದ ಕೆಲಸವೆಂದು ಬರೆದ. ತನ್ನ ಬಳಿ ಬಂದವರಲ್ಲಿ ಹೆಚ್ಚಿನವರು ಭಿಕ್ಷುಕರು, ಜಾತಿಯಿಂದ ಹೊರಬಿದ್ದವರು, ಅವರಲ್ಲಿ ನಂಬಿಕೆಯಿಂದ ಬಂದವರು ವಿರಳವೆಂಬುದು ಅವನ ನಿರಾಶೆ. ಇತರ ಮಿಶನರಿಗಳು ಅವನ ಮೇಲೆ ಮುಗಿಬಿದ್ದರು. ಬೀದಿಯವನ ನಂಬಿಕೆ ನಿಜವಲ್ಲ, ಉಳ್ಳವನದು ಮಾತ್ರ ನಿಜ ಎಂಬ ಎಣಿಕೆ ದುಬ್ವಾನ ಮಾತಿನ ಒಳಗೂ ಅಡಗಿತ್ತೆಂಬುದನ್ನು ಮರೆಯುವಂತಿಲ್ಲ.

ಕರಾವಳಿಯಲ್ಲಿ ಕಥೆ ತಿರುವುಮುರುವು. ಅಲ್ಲಿ ಮನೆಯಿಲ್ಲದವರು ಕ್ರೈಸ್ತರಾದದ್ದಕ್ಕಿಂತ ಹೆಚ್ಚಾಗಿ, ಕ್ರೈಸ್ತರಾದವರು ಮನೆಯಿಲ್ಲದವರಾದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿಗೆ ಇದು ಬೇಗನೆ ತಿಳಿಯಿತು. ದೀಕ್ಷಾಸ್ನಾನ ಪಡೆದ ದಿನವೇ ಒಕ್ಕಲು ಹೋಗುತ್ತಿತ್ತು, ಕುಲಕಸುಬು ಹೋಗುತ್ತಿತ್ತು, ತವರು ಬಾಗಿಲು ಮುಚ್ಚುತ್ತಿತ್ತು. ಮತ ಬದಲಿಸಿದವನ ಪಿತ್ರಾರ್ಜಿತ ಹಕ್ಕು ಹೋಗದಂತೆ 1850ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಕಾನೂನು ಬಂತು. ಆದರೆ ಇನ್ನೊಬ್ಬರ ಗದ್ದೆಯಲ್ಲಿ ದುಡಿಯುವವನಿಗೆ ಪಿತ್ರಾರ್ಜಿತವೆಲ್ಲಿಯದು? ಹೀಗಾಗಿ ಮಿಶನ್ ಮೊದಲು ಕೃಷಿ, ಆಮೇಲೆ ಕೈಗಾರಿಕೆಗಳಿಗೆ ಕೈ ಹಾಕಿತು. 1841ರಲ್ಲಿ ಮುದ್ರಣಾಲಯ, 1851ರಲ್ಲಿ ಹಾಲರ್‌ನ ಉಸ್ತುವಾರಿಯಲ್ಲಿ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ. ‘ಮಂಗಳೂರು ಹಂಚು’ ಮಲೆನಾಡಿನ ಮನೆಗಳ ಮೇಲೂ ಏರಿತು. ನೆಲೆ ಕಳೆದುಕೊಂಡವರಿಗೆ ಅನ್ನ ಕೊಡಲು ಹುಟ್ಟಿದ ಉದ್ಯಮ ಊರಿಗೆಲ್ಲ ಸೂರಾದದ್ದು ಒಂದು ಸೋಜಿಗ. ಕಾರ್ಖಾನೆಯ ಕೂಲಿ ನಂಬಿಕೆಗೆ ಆಮಿಷವಾದೀತೆಂಬ ಅಳುಕು ಮಾತ್ರ ಮಿಶನ್ನಿನೊಳಗೂ ಇತ್ತು.

‘ಮಂಗಳೂರ ಸಮಾಚಾರ’ದ ಸಂಪಾದಕನೆಂದು ಕನ್ನಡಿಗರು ನೆನೆಯುವ ಹರ್ಮನ್ ಮೊಗ್ಲಿಂಗ್ ಕೊಡಗಿನಲ್ಲಿ ಮಾಡಿದ ಕೆಲಸ ಅಷ್ಟಾಗಿ ಪರಿಚಿತವಲ್ಲ. 1853ರಲ್ಲಿ ಆತ ಅಲ್ಲಿಗೆ ಹೋದದ್ದು ಅಲ್ಮಂಡ ಮನೆತನದ ಒಬ್ಬ ಕೊಡವನ ಕರೆಯ ಮೇಲೆ. ಕೊಡವರೇ ಕ್ರೈಸ್ತರಾಗುತ್ತಾರೆಂಬ ಆಸೆ ಕೈಗೂಡಲಿಲ್ಲ. ಬಂದವರು ಅವರ ಗದ್ದೆಗಳಲ್ಲಿ ತಲೆಮಾರಿನಿಂದ ಜೀತಕ್ಕಿದ್ದ ಹೊಲೆಯರು. ಅವರಿಗಾಗಿ ನೆಲ ಪಡೆದು ಮೊಗ್ಲಿಂಗ್ ಆನಂದಪುರವೆಂಬ ನೆಲೆಯನ್ನು ಕಟ್ಟಿದ. ಒಡೆಯನ ಗದ್ದೆಯೊಂದಿಗೆ ಕಟ್ಟಿಹಾಕಲ್ಪಟ್ಟವನಿಗೆ ತನ್ನದೇ ಗುಡಿಸಲೆಂದರೆ ಏನೆಂಬುದನ್ನು ಯಾವ ಪ್ರಸಂಗವೂ ವಿವರಿಸಬೇಕಾಗಿರಲಿಲ್ಲ.

ಸ್ವಾತಂತ್ರ್ಯದ ನಂತರ ಲೆಕ್ಕಾಚಾರ ಬದಲಾಯಿತು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಅದು ವಿಸ್ತರಿಸಿತು, ಕ್ರೈಸ್ತರಿಗೆ ಇಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ. ಬರಗಾಲದಲ್ಲಿ ಮತಾಂತರದಿಂದ ಅನ್ನ ಸಿಕ್ಕಿತ್ತು. ಈಗ ಮತಾಂತರದಿಂದ ಹಾಸ್ಟೆಲ್ಲು, ಮೀಸಲು ಹುದ್ದೆ, ಮೀಸಲು ಕ್ಷೇತ್ರಗಳ ಹಕ್ಕು ಕೈತಪ್ಪುತ್ತದೆ.

ಶಿಕಾರಿಪುರ, ಸೊರಬಗಳಲ್ಲಿ ಇದು ಪುಸ್ತಕದ ಮಾತಲ್ಲ. ಶಿಕಾರಿಪುರದ ಲಂಬಾಣಿ ತಾಂಡಾಗಳಿಂದ ಪ್ರತಿ ವರ್ಷ ಸಂಸಾರಗಳು ಕಾಫಿ ಸೀಮೆಗೆ ಗುಳೆ ಹೋಗುತ್ತವೆ; ವರ್ಷದ ಕೆಲ ತಿಂಗಳು ಅವರ ಮನೆಗೆ ಬೀಗ. ಲಂಬಾಣಿಗಳು ರಾಜ್ಯದಲ್ಲಿ ಪರಿಶಿಷ್ಟ ಜಾತಿಗೆ ಸೇರಿದವರು. ತಾಂಡಾಗಳಲ್ಲಿ ಪ್ರಾರ್ಥನಾ ಕೂಟಗಳು ನಡೆಯುತ್ತವೆ, ಸೇವಾಲಾಲರ ಪರಂಪರೆ ಮರೆಯಾಗುತ್ತದೆ ಎಂಬ ಆತಂಕವನ್ನು ರಾಜ್ಯದ ಬಂಜಾರ ಮುಖಂಡರು ವ್ಯಕ್ತಪಡಿಸಿದ್ದಾರೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ 1986ರಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರು, ಪೊಲೀಸರ ಮೇಲೆಯೇ ಹಲ್ಲೆ ನಡೆದ ಮೇಲೆ ಸರಕಾರ ಅದನ್ನು ನಿಷೇಧಿಸಿತು. ಆ ಹೋರಾಟದಲ್ಲಿ ಮುಂದೆ ನಿಂತದ್ದು ದಲಿತ ಸಂಘಟನೆಗಳು. ಮಿಶನ್ನಿನ ಕಾಂಪೌಂಡು ಹೊಕ್ಕದ್ದು ಮಾತ್ರವೇ ಘನತೆಯ ದಾರಿ ಎನ್ನುವಂತಿರಲಿಲ್ಲ.

ಮತಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಕರ್ನಾಟಕ ತಂದ ಕಾಯ್ದೆ ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆಗಳನ್ನು ಆಮಿಷದ ಪಟ್ಟಿಗೆ ಸೇರಿಸಿತು. ಪರಿಶಿಷ್ಟರು, ಮಹಿಳೆಯರು, ಅಪ್ರಾಪ್ತರ ಮತಾಂತರಕ್ಕೆ ಹೆಚ್ಚಿನ ಶಿಕ್ಷೆ ವಿಧಿಸಿತು. ತುಮಕೂರಿನ ಅನಾಥಾಲಯ, ಜೆಪ್ಪುವಿನ ಹಂಚಿನ ಕಾರ್ಖಾನೆ, ಆನಂದಪುರದ ಗುಡಿಸಲು ಮೂರೂ ಆ ವ್ಯಾಖ್ಯೆಯ ಎದುರು ನಿಲ್ಲಲು ಕಷ್ಟವಾಗುತ್ತಿತ್ತು. ಕಾಯ್ದೆಯನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಹೊಸ ಸರಕಾರದ ಸಚಿವ ಸಂಪುಟ ತೀರ್ಮಾನಿಸಿತು. ಅದಕ್ಕೂ ಮೊದಲು, 2022ರ ಅಕ್ಟೋಬರ್‌ನಲ್ಲಿ, ಮತಾಂತರಗೊಂಡ ದಲಿತರಿಗೆ ಪರಿಶಿಷ್ಟ ಸ್ಥಾನ ನೀಡಬೇಕೇ ಎಂಬುದನ್ನು ಪರಿಶೀಲಿಸಲು ಕೇಂದ್ರ ಸರಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. ಮತ ಬದಲಾದರೂ ಊರಿನ ಕಣ್ಣಲ್ಲಿ ಜಾತಿ ಬದಲಾಗುವುದೇ ಎಂಬುದು ಅದರ ಮುಂದಿಟ್ಟ ಪ್ರಶ್ನೆಗಳಲ್ಲೊಂದು.