ಒಂದಿರುಳಿನ ಬಿಸಿನೀರ ಚಿಕಿತ್ಸೆ

ಯುದ್ಧಗಳಿಗೂ ಸಂಧಿಗಳಿಗೂ ಚರಿತ್ರೆಯುಂಟೆಂಬುದನ್ನು ಎಲ್ಲರೂ ಬಲ್ಲರು. ಜನ ಮೀಯುವುದಕ್ಕೂ ಒಂದು ಚರಿತ್ರೆಯುಂಟು, ಅದಕ್ಕಾಗಿಯೂ ವ್ಯಾಜ್ಯ ನಡೆದು ತೀರ್ಪು ಬಂದದ್ದುಂಟು ಎಂದರೆ ಕೆಲವರಿಗೆ ಸೋಜಿಗವಾದೀತು. ಜಪಾನಿನ ಹಾಕೊನೆ ಬೆಟ್ಟಗಳ ಬುಡದಲ್ಲಿ 1805ರಲ್ಲಿ ಅಂಥದೊಂದು ವ್ಯಾಜ್ಯ ನಡೆಯಿತು. ಇಂದು ಅಲ್ಲಿನ ವಸತಿಗೃಹದಲ್ಲಿ ಒಂದು ರಾತ್ರಿ ತಂಗಿ, ಬಿಸಿನೀರಿನ ಬುಗ್ಗೆಯಲ್ಲಿ ಮಿಂದು ಬರುವ ಪ್ರವಾಸಿ ತನಗೆ ತಿಳಿಯದೆಯೇ ಆ ತೀರ್ಪು ಎತ್ತಿಹಿಡಿದ ಪದ್ಧತಿಯನ್ನು ಅನುಸರಿಸುತ್ತಾನೆ.

ಬಿಸಿನೀರಿನ ಬುಗ್ಗೆಗೆ ಜಪಾನೀಯರು 'ಒನ್ಸೆನ್' ಎನ್ನುತ್ತಾರೆ. ಹಳೆಯ ಬಗೆಯ ವಸತಿಗೃಹಕ್ಕೆ 'ರ್ಯೋಕಾನ್' ಎಂದು ಹೆಸರು. ಯಾಮಾನಾಶಿ ಪ್ರಾಂತದ ಬೆಟ್ಟಗಳ ನಡುವೆ ಇರುವ ಕೇಯುನ್‌ಕಾನ್ ಎಂಬ ಗೃಹ 705ರಲ್ಲಿ ಆರಂಭವಾಯಿತೆಂದು ಪ್ರತೀತಿ. ಜಗತ್ತಿನ ಅತ್ಯಂತ ಹಳೆಯ ಹೋಟೆಲೆಂದು ಗಿನ್ನೆಸ್ ದಾಖಲೆ 2011ರಲ್ಲಿ ಅದನ್ನು ಮನ್ನಿಸಿತು. ಒಂದೇ ಮನೆತನ 52 ತಲೆಮಾರು ಅದನ್ನು ನಡೆಸಿತೆನ್ನುತ್ತಾರೆ. ದತ್ತು ಬಂದವರೂ ಆ ಸಾಲಿನಲ್ಲಿದ್ದಾರೆ. ರಕ್ತಕ್ಕಿಂತ ಮನೆಯ ಹೆಸರು ಉಳಿಯುವುದು ದೊಡ್ಡದೆಂದು ಬಗೆದ ಸಮಾಜವದು.

ಹಿಂದಿನ ಕಾಲದಲ್ಲಿ ಬುಗ್ಗೆಗೆ ಹೋಗುವುದು ವಿಹಾರವಾಗಿರಲಿಲ್ಲ. ಅದಕ್ಕೆ 'ತೋಜಿ' ಎಂದು ಹೆಸರು. ಬಿಸಿನೀರಿನಿಂದ ವಾಸಿಮಾಡಿಕೊಳ್ಳುವುದೆಂದು ಅರ್ಥ. ಏಳು ದಿನಕ್ಕೆ ಒಂದು ಸುತ್ತು. ಮೂರು ಸುತ್ತು ಮುಗಿದರೆ ಚಿಕಿತ್ಸೆ ಪೂರ್ಣ. ತೊಕುಗಾವ ಇಯೆಯಾಸು 1604ರಲ್ಲಿ ಅತಾಮಿಯ ಬುಗ್ಗೆಗಳ ಬಳಿ ತಂಗಿದ್ದು ಏಳು ದಿನಗಳೇ. ಮುಂದೆ ಅವನ ವಂಶದವರು ಅಲ್ಲಿನ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ ಎದೊ ನಗರದ ಕೋಟೆಗೆ ಹೊರಿಸಿಕೊಂಡರು. ರೈತನಿಗೆ ಈ ವೈಭವವೆಲ್ಲಿ? ಅವನು ಹೊಲದ ಕೆಲಸ ಮುಗಿದ ಮೇಲೆ ಅಕ್ಕಿಯನ್ನೂ ಮಿಸೊ ಎಂಬ ಸೋಯಾ ಹಿಟ್ಟಿನ ಮುದ್ದೆಯನ್ನೂ ಕಟ್ಟಿಕೊಂಡು ಹೋಗಿ, ವಸತಿಗೃಹದ ಒಲೆಯಲ್ಲಿ ತಾನೇ ಬೇಯಿಸಿಕೊಂಡು, ಸವೆದ ಮೈಯನ್ನು ನೀರಿನಲ್ಲಿ ನೆನೆಸುತ್ತಿದ್ದ. ಜನ ಊರುಬಿಟ್ಟು ಕದಲುವುದಕ್ಕೆ ಅಡೆತಡೆಗಳಿದ್ದ ಕಾಲವದು. ರಹದಾರಿ ಬೇಡುವವನಿಗೆ ತೀರ್ಥಯಾತ್ರೆ, ತೋಜಿ ಇವೆರಡೂ ಒಪ್ಪತಕ್ಕ ಕಾರಣಗಳಾಗಿದ್ದುವು.

ಇನ್ನು ವ್ಯಾಜ್ಯದ ವಿಷಯ. ಎದೊ ನಗರದಿಂದ ಕ್ಯೋಟೊಗೆ ಹೋಗುವ ತೋಕೈದೊ ಹೆದ್ದಾರಿಯಲ್ಲಿ ಸರ್ಕಾರ ಗೊತ್ತುಮಾಡಿದ ಠಾಣೆಗಳಿದ್ದುವು. ದಾರಿಹೋಕರು ಅಲ್ಲಿಯೇ ತಂಗಬೇಕೆಂಬುದು ಕಟ್ಟಳೆ. ಒದವಾರ ಅಂಥದೊಂದು ಠಾಣೆ. ಅಲ್ಲಿಂದ ಬೆಟ್ಟದ ಕಡೆಗೆ ಸುಮಾರು 6 ಕಿಲೋಮೀಟರು ದೂರದ ಯುಮೊಟೊ ಹಳ್ಳಿಯಲ್ಲಿ ಬಿಸಿನೀರಿನ ಬುಗ್ಗೆಗಳಿದ್ದುವು. ಕಡಿದಾದ ಘಟ್ಟ ಹತ್ತಬೇಕಾದ ಯಾತ್ರಿಕನಿಗೆ ಅಲ್ಲಿ ಒಂದು ರಾತ್ರಿ ಮಿಂದು ಮಲಗುವ ಆಸೆ ಹುಟ್ಟಿದರೆ ತಪ್ಪೇನು? ಹಳ್ಳಿಯವರು ಇದಕ್ಕೆ 'ಇಚಿಯ ತೋಜಿ', ಎಂದರೆ ಒಂದಿರುಳಿನ ಚಿಕಿತ್ಸೆ ಎಂದು ಹೆಸರಿಟ್ಟರು. ಇಪ್ಪತ್ತೊಂದು ದಿನದ ವ್ರತವನ್ನು ಒಂದೇ ರಾತ್ರಿಯಲ್ಲಿ ಮುಗಿಸುವ ಜಾಣ್ಮೆ! ಒದವಾರದವರು ಹೆದ್ದಾರಿಯ ಅಧಿಕಾರಿಗಳಿಗೆ ದೂರಿತ್ತರು.

ಅವರದು ಬರಿಯ ಹೊಟ್ಟೆಕಿಚ್ಚೆನ್ನುವಂತಿಲ್ಲ. ತೋಕೈದೊ ಹೆದ್ದಾರಿಯ ಠಾಣೆಗಳು ಸರ್ಕಾರದ ಕೆಲಸಕ್ಕಾಗಿ ತಲಾ 100 ಆಳುಗಳನ್ನೂ 100 ಕುದುರೆಗಳನ್ನೂ ಸಿದ್ಧವಾಗಿಡಬೇಕಾಗಿತ್ತು. ಹೊರೆ ತಮಗೆ, ಗಿರಾಕಿ ಹಳ್ಳಿಗೆ ಎಂಬುದು ಅವರ ಸಂಕಟ. ಆದರೂ ತೀರ್ಪು ಒಂದಿರುಳಿನ ಚಿಕಿತ್ಸೆಗೆ ಸಮ್ಮತಿ ನೀಡಿತು. ಹಳ್ಳಿಗೆ ಬದುಕು ದೊರೆಯಿತು. ಬಡ ಯಾತ್ರಿಕನಿಗೆ ದಾರಿಯ ನಡುವೆ ದಣಿವಾರಿಸಿಕೊಳ್ಳುವ ಹಕ್ಕು ದೊರೆಯಿತು.

ಕೆಲವು ವರ್ಷಗಳ ಹಿಂದೆ ಹಾಕೊನೆಯಲ್ಲಿ ನಾನೂ ಒಂದು ರಾತ್ರಿ ತಂಗಿದ್ದೆ. ಬಾಗಿಲಲ್ಲಿ ಪಾದರಕ್ಷೆ ಬಿಟ್ಟು ಚಾಪೆ ಹಾಸಿದ ಕೋಣೆಗೆ ಹೋದೆ. ಕೊಳಕ್ಕಿಳಿಯುವ ಮೊದಲೇ ಹೊರಗೆ ಕುಳಿತು ಮೈಯುಜ್ಜಿ ತೊಳೆದುಕೊಳ್ಳುವುದು ಅಲ್ಲಿನ ನಿಯಮ. ಕೊಳದ ನೀರು ಎಲ್ಲರದು, ಅದನ್ನು ಕಲಕಬಾರದು. ಊಟ ಮುಗಿಯುವ ಹೊತ್ತಿಗೆ ಹಾಸಿಗೆ ಹಾಸಿತ್ತು. ಬೆಳಗಿನ ಉಪಾಹಾರವಾದೊಡನೆ ಹೊರಡುವ ವೇಳೆ. ಉಪಚಾರದಲ್ಲಿ ಒಂದಿಷ್ಟೂ ಕುಂದಿರಲಿಲ್ಲ. ಆದರೆ ಮೈಯ ನೋವು ಕರಗಲು ತೊಡಗುವಷ್ಟರಲ್ಲಿ ಚೀಲ ಕಟ್ಟಬೇಕಾಯಿತು.

ಈ ಅವಸರ 1805ರ ತೀರ್ಪಿನಿಂದಲೇ ಬಂದುದಲ್ಲ. ಯುಮೊಟೊದಿಂದ ಬೆಟ್ಟದ ಮೇಲಕ್ಕೆ 1919ರಲ್ಲಿ ರೈಲು ಹತ್ತಿತು. ಟೋಕಿಯೊದಿಂದ ನೇರವಾಗಿ ಯುಮೊಟೊಗೆ 1950ರಲ್ಲಿ ರೈಲು ಬಂತು. ಶನಿವಾರ ಹೊರಟು ಭಾನುವಾರ ಮರಳುವುದು ಸುಲಭವಾಯಿತು. ಮುಂದೆ ಕಂಪೆನಿಗಳು ನೌಕರರನ್ನು ತಂಡತಂಡವಾಗಿ ಕರೆತಂದುವು, ದೊಡ್ಡ ಹೋಟೆಲುಗಳೆದ್ದುವು. 'ಒಂದು ರಾತ್ರಿ, ಎರಡು ಊಟ' ಎಂಬುದೇ ವಾಡಿಕೆಯ ದರವಾಯಿತು. ಅಪವಾದವಾಗಿ ಬಂದದ್ದು ನಿಯಮವಾಗಿ ಕುಳಿತಿತು.

ಹಳೆಯ ಪದ್ಧತಿ ಪೂರ್ತಿಯಾಗಿ ಅಳಿದಿಲ್ಲ. ಉತ್ತರದಲ್ಲಿ, ಹಿಮ ಆಳವಾಗಿ ಬೀಳುವ ಹಕ್ಕೋದ ಬೆಟ್ಟಗಳ ನಡುವೆ ಸುಕಾಯು ಎಂಬ ಬುಗ್ಗೆಯಿದೆ. ಸರ್ಕಾರ ಅದನ್ನು 1954ರಲ್ಲಿ ಜನರ ಆರೋಗ್ಯಧಾಮಗಳಲ್ಲಿ ಮೊದಲನೆಯ ಸಾಲಿಗೆ ಸೇರಿಸಿತು. ಅಲ್ಲಿ ತೋಜಿಗೆ ಬರುವವರಿಗೆ ಬೇರೆಯ ಕೋಣೆಗಳುಂಟು. ಯುಮೊಟೊದವರು ಗೆದ್ದುಕೊಟ್ಟ ಒಂದು ರಾತ್ರಿಯನ್ನು ನಾನು ಹಳಿಯಲಾರೆ. ಅದಿಲ್ಲದಿದ್ದರೆ ನನ್ನಂಥವನಿಗೆ ಆ ನೀರು ದಕ್ಕುತ್ತಿರಲಿಲ್ಲ. ಆದರೆ ಎದೊ ಕಾಲದ ರೈತ ವರ್ಷದ ದುಡಿಮೆಯಿಂದ ಏಳು ದಿನಗಳನ್ನು ತನಗಾಗಿ ತೆಗೆದಿಡಬಲ್ಲವನಾಗಿದ್ದ. ಅವನಿಗಿಂತ ಅನುಕೂಲಸ್ಥರಾದ ನಾವು ಅಷ್ಟನ್ನು ತೆಗೆದಿಡಲಾರದೆ ಹೋದದ್ದೇಕೆಂದು ವಾಚಕರು ಯೋಚಿಸಬೇಕು.